ಮೆರವಣಿಗೆ ಮುಗಿದ ಮೇಲೆ ಮನೆಗೆ ಯಾರು ಬಿಡ್ತಾರೆ?

ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನ ತಲೆ ಎತ್ತಿ ಬೀದಿಯಲ್ಲಿ ನಡೆಯುವ ಪ್ರೈಡ್ ಮೆರವಣಿಗೆಯ ಮಾತು ಬಂದರೆ ಕೋಲಾರದಲ್ಲಿ ನನಗೆ ಸಿಗುವ ಮೊದಲ ಪ್ರಶ್ನೆ ಇದು: "ಕಲ್ಲು ಬೀಳುತ್ತೆ ಅಂತ ಗೊತ್ತಿದ್ದೂ ಯಾಕೆ ಬೀದಿಗೆ ಇಳೀತಾರೆ? ಮನೆಯಲ್ಲಿ ಅವರ ಪಾಡಿಗೆ ಅವರಿದ್ರೆ ಯಾರಾದ್ರೂ ಬೇಡ ಅಂತಾರಾ?" ಕೇಳುವವರು ಕೆಟ್ಟವರೇನಲ್ಲ. ನಮ್ಮ ಭಾವ ಕೇಳಿದ್ದಾರೆ, ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದ್ದಾರೆ. ನಾನು ಗೇ ಅನ್ನೋದು ಇವರಲ್ಲಿ ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಗೊತ್ತಿರುವವರ ಮಾತಿನಲ್ಲಿ ನನ್ನ ಬಗ್ಗೆ ಭಯವೂ ಇರುತ್ತದೆ. ಆ ಭಯಕ್ಕೆ ನಾನು ಗೌರವ ಕೊಡುತ್ತೇನೆ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಉರಿಯುತ್ತದೆ. ಕಲ್ಲು ಎತ್ತಿಕೊಂಡವನನ್ನು ಯಾರೂ "ಯಾಕಪ್ಪಾ" ಅಂತ ಕೇಳುವುದಿಲ್ಲ. ನಡೆಯುವವನನ್ನು ಮಾತ್ರ ಕೇಳುತ್ತಾರೆ.

ಇದು ನಮ್ಮೂರಿನವರ ಯೋಚನೆ ಮಾತ್ರ ಅಲ್ಲ. ದೊಡ್ಡ ದೊಡ್ಡ ಸರ್ಕಾರಗಳೂ ಹೀಗೇ ಯೋಚಿಸಿವೆ.

2001ರ ಜೂನ್ 30ರಂದು ಸೆರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ಮೊದಲ ಪ್ರೈಡ್ ಮೆರವಣಿಗೆಗೆ ಜನ ಸೇರಿದರು. ಫುಟ್‌ಬಾಲ್ ಪುಂಡರು, ಉಗ್ರ ರಾಷ್ಟ್ರೀಯವಾದಿಗಳು ಬಂದು ಅವರನ್ನು ನಡುರಸ್ತೆಯಲ್ಲಿ ಅಟ್ಟಾಡಿಸಿ ಹೊಡೆದರು. ಕಾಯಬೇಕಾದ ಪೊಲೀಸರು ಬಂದಿದ್ದೇ ಕಡಿಮೆ. ಅಲ್ಲಿ ಮತ್ತೆ ಒಂದು ಮೆರವಣಿಗೆ ನಡೆಯಲು 2010ರ ಅಕ್ಟೋಬರ್ 10ರ ತನಕ ಕಾಯಬೇಕಾಯಿತು. ಆ ದಿನ ಸುಮಾರು 5 ಸಾವಿರ ಪೊಲೀಸರು ನಿಂತರು. ಎದುರಿಗೆ ಸಾವಿರಾರು ಪುಂಡರು. ಊರಿನ ತುಂಬ ಕಲ್ಲು, ಪೆಟ್ರೋಲ್ ಬಾಂಬು. ಆಡಳಿತ ಪಕ್ಷದ ಕಚೇರಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಬಹುಪಾಲು ಪೊಲೀಸರೇ. ಮೆರವಣಿಗೆ ಮಾತ್ರ ನಡೆಯಿತು. ಮುಂದಿನ ವರ್ಷ ಸರ್ಕಾರ ಮಾಡಿದ್ದೇನು? ಗಲಾಟೆ ಆಗುತ್ತೆ ಅಂತ ಮೆರವಣಿಗೆಯನ್ನೇ ನಿಷೇಧಿಸಿತು. 2011ರಲ್ಲಿ, 2012ರಲ್ಲಿ, 2013ರಲ್ಲಿ.

ಅಂದರೆ ಬೆಂಕಿ ಹಚ್ಚಿದವರು ಕೇಳಿದ್ದು ಅವರಿಗೆ ಸಿಕ್ಕಿತು. ಇನ್ನೊಂದಷ್ಟು ಕಲ್ಲು ಕೂಡಿಟ್ಟುಕೊಂಡರೆ ಸಾಕು, ಮುಂದಿನ ವರ್ಷವೂ ಸಿಗುತ್ತದೆ ಅನ್ನುವುದೂ ಅವರಿಗೆ ಗೊತ್ತಾಯಿತು.

2013ರ ನಿಷೇಧ ಹೊರಬಿದ್ದ ರಾತ್ರಿಯೇ ಬೆಲ್‌ಗ್ರೇಡ್‌ನ ಹೋರಾಟಗಾರರು ಫೋನ್ ಮಾಡಿ ಫೋನ್ ಮಾಡಿ ಜನರನ್ನು ಸೇರಿಸಿ, ಕತ್ತಲಲ್ಲೇ ಬೀದಿಗಿಳಿದು ನಡೆದುಬಿಟ್ಟರು. ದೊಡ್ಡ ಗುಂಪೇನಲ್ಲ. ಆದರೆ ಕಲ್ಲು ಹೊಡೆಯುವವರು ನಿದ್ದೆಯಲ್ಲಿದ್ದರು. 2014ರ ಸೆಪ್ಟೆಂಬರ್ 28ರಂದು ಹಗಲು ಹೊತ್ತಿನಲ್ಲೇ, ಪೊಲೀಸ್ ಕಾವಲಿನಲ್ಲಿ, ಮೆರವಣಿಗೆ ಮತ್ತೆ ನಡೆಯಿತು. ಅಲ್ಲಿಂದ ಮುಂದಕ್ಕೆ ಹೆಚ್ಚುಕಮ್ಮಿ ವರ್ಷಾವರ್ಷ ನಡೆಯುತ್ತಾ ಬಂತು.

ಇದರ ಕಾನೂನಿನ ಕಡೆಯನ್ನೂ ಹೇಳಬೇಕು. ಮಾಸ್ಕೋದಲ್ಲಿ 2006ರಿಂದ ಪ್ರತಿ ವರ್ಷ ಅನುಮತಿ ಕೇಳುವುದು, ನಗರಾಡಳಿತ "ಗಲಭೆ ಆಗುತ್ತೆ" ಅಂತ ಇಲ್ಲ ಅನ್ನುವುದು ನಡೆದಿತ್ತು. ಹೋರಾಟಗಾರ ನಿಕೊಲಾಯ್ ಅಲೆಕ್ಸೆಯೆವ್ ಅದನ್ನು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಒಯ್ದರು. 2010ರ ಅಕ್ಟೋಬರ್ 21ರಂದು, ಬೆಲ್‌ಗ್ರೇಡ್ ಉರಿದ ಎರಡು ವಾರದೊಳಗೆ, ತೀರ್ಪು ಬಂತು. ಶಾಂತಿಯಿಂದ ನಡೆಯುವವರಿಗೆ ಯಾರೋ ಹೊಡೆಯಬಹುದು ಅನ್ನುವುದು ಮೆರವಣಿಗೆ ನಿಲ್ಲಿಸಲು ಕಾರಣ ಆಗಲ್ಲ, ಹೊಡೆಯುವವರನ್ನು ತಡೆಯುವುದು ಸರ್ಕಾರದ ಕೆಲಸ ಅನ್ನುವುದು ಅದರ ತಿರುಳು. ರಷ್ಯಾ ಕೇಳಲಿಲ್ಲ. ಆದರೆ ತೀರ್ಪು ಬೇರೆ ದೇಶದವರ ಕೈಗೆ ಸಿಕ್ಕಿತು.

ಕೋಲಾರದವನಾಗಿ ಇದನ್ನು ಓದುವಾಗ ನನಗೆ ಯುರೋಪಿಗಿಂತ ಮೊದಲು ನೆನಪಾಗುವುದು ನಮ್ಮ ಹಳ್ಳಿಗಳು. "ಗಲಾಟೆ ಆಗುತ್ತೆ, ಯಾಕೆ ಸುಮ್ನೆ" ಅನ್ನುವ ಮಾತನ್ನು ಇಲ್ಲಿನ ದಲಿತ ಕೇರಿಗಳು ಎಷ್ಟು ತಲೆಮಾರಿನಿಂದ ಕೇಳಿಲ್ಲ? ಊರ ಬೀದಿಯಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುವುದು, ಮದುವೆ ಮೆರವಣಿಗೆ ತೆಗೆಯುವುದು, ಅಂಬೇಡ್ಕರ್ ಫೋಟೊ ಇಟ್ಟು ತಮಟೆ ಬಡಿಯುತ್ತಾ ಹೋಗುವುದು, ಎಲ್ಲಕ್ಕೂ ಇದೇ ಮಾತು. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ದಂಡ ಕಟ್ಟದಿದ್ದರೆ ಊರು ಬಿಡಿ ಅಂದರು. ಸಂಘಟನೆಗಳು ಕೋಲು ಹಿಡಿದುಕೊಂಡು ಹೋಗಲಿಲ್ಲ. ದೂರು ಕೊಡಿಸಿದರು. ಸುದ್ದಿ ಹೊರಗೆ ತಂದರು. ಆಮೇಲೆ "ಉಳ್ಳೇರಹಳ್ಳಿ ಚಲೋ" ಅಂತ ನಡೆದುಕೊಂಡು ಆ ಊರಿಗೇ ಹೋದರು.

ಎರಡೂ ನೋವು ಒಂದೇ ಅಂತ ನಾನು ಹೇಳುವುದಿಲ್ಲ. ಜಾತಿ ಹುಟ್ಟಿನಿಂದಲೇ ಹಣೆಗೆ ಅಂಟಿಸಿದ್ದು, ಇಡೀ ಕೇರಿಯೇ ಅದನ್ನು ಹೊತ್ತಿರುತ್ತದೆ. ನಮ್ಮದನ್ನು ಮುಚ್ಚಿಡಬಹುದು, ಎಷ್ಟೋ ಜನ ಸಾಯುವ ತನಕ ಮುಚ್ಚಿಟ್ಟೇ ಹೋಗುತ್ತಾರೆ, ಸ್ವಂತ ಮನೆಯೊಳಗೂ ಒಂಟಿಯಾಗಿ. ನಮ್ಮಲ್ಲಿ ದಲಿತರಾಗಿದ್ದು ಟ್ರಾನ್ಸ್ ಕೂಡ ಆಗಿರುವವರಿಗೆ ಎರಡೂ ಕಡೆಯ ಏಟು. ಆದರೆ ಬೀದಿ ಯಾರದು ಅನ್ನುವ ಪ್ರಶ್ನೆ ಈ ಜಿಲ್ಲೆಗೆ ಹೊಸದಲ್ಲ. ಪ್ರೈಡ್ ಅನ್ನುವುದು ಫಾರಿನ್ನಿನಿಂದ ಬಂದ ಶೋಕಿ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಬೆಂಗಳೂರಿನ ಮೆರವಣಿಗೆಯಲ್ಲಿ ತಮಟೆ ಶುರುವಾದಾಗ ಹೆಜ್ಜೆ ತಾನಾಗಿ ಸರಿಹೋಗುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಸಾವಿನ ಮನೆ ಮುಂದೆ ಬಡಿ ಅಂತ ಯಾರ ಕೈಗೆ ಕೊಟ್ಟಿದ್ದರೋ ಅವರೇ ಅದನ್ನು ಹೋರಾಟದ ಮುಂದಕ್ಕೆ ತಂದರು. ನಾವು ಅವರ ಹಿಂದೆ ನಡೆಯುತ್ತಿದ್ದೇವೆ.

ನನ್ನನ್ನು ಜಾಸ್ತಿ ಕಾಡಿದ ಘಟನೆ ಬೆಲ್‌ಗ್ರೇಡ್‌ನದಲ್ಲ. ಪೋಲೆಂಡಿನ ಬಿಯಾವಿಸ್ಟೊಕ್ ಅನ್ನುವ ಊರಿನದು. ಅದು ರಾಜಧಾನಿ ಅಲ್ಲ. ದೇಶದ ಪೂರ್ವದ ಅಂಚಿನಲ್ಲಿರುವ, ಸುಮಾರು 3 ಲಕ್ಷ ಜನರ ಜಿಲ್ಲಾ ಕೇಂದ್ರದಂಥ ಊರು. 2019ರ ಜುಲೈ 20ರಂದು ಅಲ್ಲಿ ಮೊದಲ ಸಮಾನತೆ ಮೆರವಣಿಗೆ, ಅಂದರೆ ಪ್ರೈಡ್. ಅದಕ್ಕೆ ಮೊದಲೇ ಅಲ್ಲಿನ ಆರ್ಚ್‌ಬಿಷಪ್ ಮೆರವಣಿಗೆಯನ್ನು ವಿರೋಧಿಸಿ ಬರೆದ ಪತ್ರವನ್ನು ಚರ್ಚುಗಳಲ್ಲಿ ಓದಿದ್ದರು. ಪ್ರಾಂತ್ಯದ ಆಡಳಿತ ಅದೇ ದಿನ ಅರಮನೆಯ ತೋಟದಲ್ಲಿ ಕುಟುಂಬಗಳಿಗೆ ಅಂತ ಪಿಕ್ನಿಕ್ ಇಟ್ಟಿತ್ತು. ಮೆರವಣಿಗೆಗೆ ಬಂದವರು ಸಾವಿರದಷ್ಟು. ಎದುರು ನಿಂತವರು ಅದರ ಎಷ್ಟೋ ಪಟ್ಟು. ಮೊಟ್ಟೆ, ಕಲ್ಲು, ಬಾಟಲಿ, ಪಟಾಕಿ ಬಿದ್ದವು. ಗುಂಪಿನಿಂದ ಬೇರೆಯಾದವರನ್ನು ಅಡ್ಡಹಾಕಿ ನೆಲಕ್ಕೆ ಕೆಡವಿ ಒದ್ದರು. ಏಟು ತಿಂದವರಲ್ಲಿ ಹದಿಹರೆಯದ ಹುಡುಗರೂ ಇದ್ದರು.

ಅದು ಕಾಡುವುದಕ್ಕೆ ಕಾರಣ ಊರಿನ ಗಾತ್ರ. ದೊಡ್ಡ ನಗರದಲ್ಲಿ ನಿನಗೆ ಹೊಡೆದವನು ಯಾರೋ, ನೀನು ಯಾರೋ. ಸಣ್ಣ ಊರಿನಲ್ಲಿ ಹಾಗಲ್ಲ. ಕಲ್ಲು ಎತ್ತಿದವನ ಅಂಗಡಿಗೆ ನಾಳೆ ಹಾಲಿಗೆ ಹೋಗಬೇಕು. ಅವನ ತಂಗಿ ನಿನ್ನ ತಂಗಿಯ ಕ್ಲಾಸಿನವಳು. ಕೋಲಾರದಲ್ಲಿ ನಾನು ಡೂಮ್‌ಲೈಟ್ ಸರ್ಕಲ್‌ನಿಂದ ಕ್ಲಾಕ್ ಟವರ್ ತನಕ ನಡೆದರೆ ಪರಿಚಯದವರು ಸಿಕ್ಕೇ ಸಿಗುತ್ತಾರೆ. ತೆಲುಗಿನಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು, ಉರ್ದುವಿನಲ್ಲಿ ಒಬ್ಬರು ಮಾತಾಡಿಸುತ್ತಾರೆ. ಆ ರಸ್ತೆಯಲ್ಲಿ ಕಾಮನಬಿಲ್ಲಿನ ಬಾವುಟ ಹಿಡಿದು ನಡೆಯುವುದನ್ನು ಒಮ್ಮೆ ಊಹಿಸಿಕೊಳ್ಳಿ. ಹೆದರಿಕೆ ಕಲ್ಲಿನದಷ್ಟೇ ಅಲ್ಲ, ಸಂಜೆಯೊಳಗೆ ಅಮ್ಮನ ಕಿವಿಗೆ ಬೀಳುವ ಸುದ್ದಿಯದೂ ಹೌದು.

ಬಿಯಾವಿಸ್ಟೊಕ್‌ನ ಏಟಿಗೆ ಉತ್ತರ ಬಂದದ್ದು ಬೇರೆ ಊರುಗಳಿಂದ. ಕೆಲವೇ ದಿನಗಳಲ್ಲಿ ವಾರ್ಸಾ ಮತ್ತು ಇತರ ನಗರಗಳಲ್ಲಿ ಜನ ಬೀದಿಗೆ ಬಂದರು. ಸುಮಾರು ಒಂದು ವಾರಕ್ಕೆ ಅದೇ ಊರಲ್ಲೇ ಹಿಂಸೆಯ ವಿರುದ್ಧ ಸಭೆ ನಡೆಯಿತು. ಹೊಡೆದವರ ವಿಡಿಯೊಗಳನ್ನು ನೋಡಿ ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಗುರುತಿಸಿದರು. ಇಷ್ಟಾದರೂ ದ್ವೇಷ ನಿಲ್ಲಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲುಬ್ಲಿನ್ ಊರಿನ ಮೆರವಣಿಗೆಯ ಹತ್ತಿರ ಒಬ್ಬ ಗಂಡ ಹೆಂಡತಿ ಮನೆಯಲ್ಲೇ ಮಾಡಿದ ಸ್ಫೋಟಕವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದು ಸಿಕ್ಕಿಬಿದ್ದರು.

ಇದನ್ನೆಲ್ಲ ಒಂದು ಸಂಜೆ ನಮ್ಮ ಜಿಲ್ಲೆಯ ಹಳೆಯ ದಲಿತ ಸಂಘಟನೆಯ ಅಣ್ಣನೊಬ್ಬರ ಹತ್ತಿರ ಹೇಳಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿ. ವಯಸ್ಸಾದವರು. ಎಷ್ಟೋ ಹಳ್ಳಿಗಳಿಗೆ ಮೆರವಣಿಗೆ ಕಟ್ಟಿಕೊಂಡು ಹೋದವರು. ನಮ್ಮ ವಿಷಯ ಅವರಿಗೆ ಪೂರ್ತಿ ಅರ್ಥ ಆಗಿದೆ ಅಂತ ನಾನು ಹೇಳಲಾರೆ. ಆದರೆ ಅವರು ಕೇಳಿದ್ದು ಭಾವ ಕೇಳಿದ ಪ್ರಶ್ನೆಯಲ್ಲ.

"ಮೆರವಣಿಗೆ ಮುಗಿದ ಮೇಲೆ ಹುಡುಗರನ್ನ ಮನೆಗೆ ಯಾರು ಬಿಡ್ತಾರೆ?" ಅಂದರು.

ನಾನು ಸುಮ್ಮನಾದೆ.

"ನೋಡಪ್ಪಾ, ನೂರು ಜನ ಒಟ್ಟಿಗೆ ಇರೋವಾಗ ಹೊಡೆಯೋದು ಕಷ್ಟ. ಹೊಡೆಯೋದು ಆಮೇಲೆ, ಒಬ್ಬೊಬ್ಬರೇ ಸಿಕ್ಕಾಗ. ನಾವು ಹಳ್ಳಿಗೆ ಹೋದ್ರೆ, ಭಾಷಣ ಮುಗಿದ ಮೇಲೆ ಮೂರು ನಾಲ್ಕು ಜನ ಅವತ್ತು ರಾತ್ರಿ ಕೇರಿಯಲ್ಲೇ ಉಳಿಯೋರು. ಅಲ್ಲೇ ಮುದ್ದೆ ಉಂಡು ಅಲ್ಲೇ ಮಲಗೋರು. ಬೆಳಗ್ಗೆ ಎದ್ದು, ಎಲ್ಲರೂ ನೆಟ್ಟಗಿದ್ದಾರಾ ನೋಡ್ಕೊಂಡು ಆಮೇಲೆ ಬಸ್ ಹತ್ತೋರು. ಭಾಷಣ ಮಾಡೋಕೆ ಯಾರು ಬೇಕಾದ್ರೂ ಸಿಗ್ತಾರೆ. ಉಳಿಯೋಕೆ ಜನ ಬೇಕು."

ಒಬ್ಬೊಬ್ಬರೇ ಸಿಕ್ಕಾಗ ಹೊಡೆಯುತ್ತಾರೆ ಅಂತ ಅವರು ಹೇಳಿದರಲ್ಲ, ಕೀವ್‌ನಲ್ಲಿ ಆದದ್ದು ಅಕ್ಷರಶಃ ಅದೇ. 2015ರ ಜೂನ್ 6ರಂದು ಉಕ್ರೇನಿನ ಆ ರಾಜಧಾನಿಯಲ್ಲಿ ನಡೆದ ಮೆರವಣಿಗೆಯ ಜಾಗವನ್ನು ಕೊನೇ ಗಳಿಗೆ ತನಕ ಗುಟ್ಟಾಗಿಟ್ಟಿದ್ದರು. ಹೆಸರು ಬರೆಸಿದವರಿಗೆ ಮಾತ್ರ ತಿಳಿಸಿದ್ದರು. ಆದರೂ ದಾಳಿಯಾಯಿತು. ಒಬ್ಬ ಪೊಲೀಸನ ಕುತ್ತಿಗೆಗೆ ಸ್ಫೋಟದ ಚೂರು ಹೊಕ್ಕಿ ಜೀವಕ್ಕೇ ಬಂದಿತ್ತು. ಮೆರವಣಿಗೆ ನಡೆದದ್ದು ಬಹಳ ಕಡಿಮೆ ಹೊತ್ತು. ಮುಗಿಸಿ ಚೆದುರಿದವರನ್ನು ಪುಂಡರು ಅಕ್ಕಪಕ್ಕದ ವಠಾರಗಳಲ್ಲಿ ಹುಡುಕಿ ಹುಡುಕಿ ಹೊಡೆದರು. ಸಂಘಟಕರು ಇದರಿಂದ ಕಲಿತರು. 2016ರಲ್ಲಿ ನಗರದ ನಡುವೆಯೇ, ಸಾವಿರಾರು ಪೊಲೀಸರ ನಡುವೆ ನಡೆದರು. ಮುಗಿದ ಕೂಡಲೇ ಬಂದವರನ್ನು ಗುಂಪಾಗಿ ಮೆಟ್ರೊ ಹತ್ತಿಸಿ ಕಳಿಸುವ ಏರ್ಪಾಡು ಮಾಡಿಕೊಂಡರು. ದೊಡ್ಡ ಹಿಂಸೆ ನಡೆಯಲಿಲ್ಲ.

ಇಂಥ ಊರುಗಳಲ್ಲಿ ಹೋರಾಟಗಾರರ ಉತ್ತರ ಅಂದರೆ ಮುಕ್ಕಾಲು ಪಾಲು ಇಂಥ ಕೆಲಸಗಳೇ. ಒಬ್ಬರೇ ಬರಬೇಡಿ, ಜೋಡಿಯಾಗಿ ಬನ್ನಿ. ವಕೀಲರ ನಂಬರನ್ನು ಫೋನಿನಲ್ಲಿ ಅಲ್ಲ, ಪೆನ್ನಿನಲ್ಲಿ ಕೈ ಮೇಲೆ ಬರೆದುಕೊಳ್ಳಿ, ಯಾಕಂದರೆ ಫೋನ್ ಕಿತ್ತುಕೊಳ್ಳುತ್ತಾರೆ. ಬಾವುಟ ಮಡಚಿ ಬ್ಯಾಗಿಗೆ ಹಾಕಿದ ಮೇಲೆಯೇ ರಸ್ತೆ ದಾಟಿ. ಬೈದರೆ ತಿರುಗಿ ಬೈಯಬೇಡಿ, ವಿಡಿಯೊ ಮಾಡಿ. ಏಟು ಬಿದ್ದರೆ ಆಸ್ಪತ್ರೆ ಚೀಟಿ ಇಟ್ಟುಕೊಳ್ಳಿ, ದೂರು ಕೊಡಿ, ರಸೀದಿ ತಗೊಳ್ಳಿ. ಘೋಷಣೆ ಕೂಗುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸಂಜೆ ಎಂಟಕ್ಕೆ ಪಟ್ಟಿ ಹಿಡಿದು ಕೂತು "ಮನೆ ಸೇರಿದ್ಯಾ?" ಅಂತ ಒಬ್ಬೊಬ್ಬರಿಗೂ ಫೋನ್ ಮಾಡುವ ಹುಡುಗಿಯ ಫೋಟೊ ಯಾರೂ ತೆಗೆಯುವುದಿಲ್ಲ. ನನಗೆ ಅವಳೇ ಮೆರವಣಿಗೆಯ ನಾಯಕಿ.

ನಮ್ಮ ದೇಶದಲ್ಲಿ ಮೊದಲ ಪ್ರೈಡ್ ನಡಿಗೆ ಆದದ್ದು 1999ರ ಜುಲೈ 2ರಂದು, ಕೋಲ್ಕತ್ತಾದಲ್ಲಿ. ನಡೆದವರು 15 ಜನ. ಬೆಂಗಳೂರಿನದು 2008ರಲ್ಲಿ ಶುರುವಾಯಿತು. ಆಗ ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಇನ್ನೂ ಇತ್ತು. 1860ರ ಆ ಕಾನೂನನ್ನು ನಮ್ಮ ತಲೆ ಮೇಲಿಂದ ತೆಗೆದದ್ದು 2018ರ ಸೆಪ್ಟೆಂಬರ್ 6ರಂದು. ಬೆಂಗಳೂರಿನ ಮೆರವಣಿಗೆ ಮೇಲೆ ಬೆಲ್‌ಗ್ರೇಡ್‌ನಂಥ ದಾಳಿ ಆಗಿಲ್ಲ. ಅದಕ್ಕೆ ನಾನು ಕೃತಜ್ಞ. ಆದರೆ ಬೆಂಗಳೂರಿನ ಮೆರವಣಿಗೆ ನಮ್ಮಂಥವರಿಗೆ ಮುಗಿಯುವುದು ಬೆಂಗಳೂರಿನಲ್ಲಲ್ಲ.

ಮಾರಿಕುಪ್ಪಂ ಟ್ರೈನು. ಭಾನುವಾರ ಸಂಜೆ. ಕೆ.ಆರ್. ಪುರ, ವೈಟ್‌ಫೀಲ್ಡ್ ದಾಟಿದ ಮೇಲೆ ಬೋಗಿಯಲ್ಲಿ ಸ್ವಲ್ಪ ಗಾಳಿಯಾಡುತ್ತದೆ. ನನ್ನ ಗೆಳತಿ, ನಮ್ಮ ಜಿಲ್ಲೆಯವಳೇ, ಮನೆಯವರ ಪಾಲಿಗೆ ಇನ್ನೂ ಮಗ, ವಾಷ್‌ಬೇಸಿನ್ ಹತ್ತಿರ ನಿಂತು ಮುಖ ಒರೆಸಿಕೊಳ್ಳಲು ಶುರು ಮಾಡುತ್ತಾಳೆ. ಸಣ್ಣ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ. ಹಳೇ ಬನಿಯನ್ ತುಂಡು. ಮೊದಲು ತುಟಿ, ಆಮೇಲೆ ಕಾಡಿಗೆ. ಕಾಡಿಗೆ ಬೇಗ ಹೋಗುವುದಿಲ್ಲ, ಕಣ್ಣು ಕೆಂಪಾಗುವ ತನಕ ಉಜ್ಜಬೇಕು. ಹಣೆಯ ಬೊಟ್ಟನ್ನು ತೆಗೆದು ಫೋನ್ ಕವರಿನ ಒಳಗೆ ಅಂಟಿಸುತ್ತಾಳೆ, ಎಸೆಯುವುದಿಲ್ಲ. ಸೀರೆ ಆಗಲೇ ಬ್ಯಾಗಿನ ತಳದಲ್ಲಿದೆ, ಮೇಲೆ ಟವಲ್ಲು, ಅದರ ಮೇಲೆ ಅಮ್ಮನಿಗೆ ತಂದ ಬಿಸ್ಕತ್ತಿನ ಪೊಟ್ಟಣ. ನಾನು ಫೋನಿನ ಟಾರ್ಚ್ ಹಿಡಿಯುತ್ತೇನೆ. "ಅಣ್ಣಾ, ಕಿವಿ ಹಿಂದೆ ಮಿಂಚು ಉಳಿದಿದ್ಯಾ ನೋಡು" ಅನ್ನುತ್ತಾಳೆ. ಉಳಿದಿರುತ್ತದೆ. ಆ ಮಿಂಚು ಯಾವ ಎಣ್ಣೆಗೂ ಹೋಗಲ್ಲ. ಒಂದೊಂದನ್ನೇ ಉಗುರಿನಲ್ಲಿ ತೆಗೆಯಬೇಕು. ಮಾಲೂರು ಬರುವಷ್ಟರಲ್ಲಿ ಅವಳ ದನಿ ತಗ್ಗಿರುತ್ತದೆ. ಟೇಕಲ್ ದಾಟಿದ ಮೇಲೆ ಮಾತೇ ಇಲ್ಲ.

ಅವಳಿಗೆ ಏಟು ಬಿದ್ದಿರುವುದು ಮೆರವಣಿಗೆಯಲ್ಲಿ ಅಲ್ಲ. ನಮ್ಮದೇ ಊರಿನ ರಸ್ತೆಯಲ್ಲಿ, ರಾತ್ರಿ, ಬೈಕಿನಲ್ಲಿ ಬಂದ ಹುಡುಗರಿಂದ. ದೂರು ಕೊಡಲು ಹೋದಾಗ ಬರೆದುಕೊಳ್ಳಬೇಕಾದವರು ಕೇಳಿದ್ದು "ಆ ಹೊತ್ತಲ್ಲಿ ಆ ಥರ ಡ್ರೆಸ್ ಹಾಕ್ಕೊಂಡು ಯಾಕೆ ಹೋಗಿದ್ದೆ?" ಅಂತ. ಮತ್ತೆ ಅದೇ ಪ್ರಶ್ನೆ. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಅಂತ ಬಂದ ಕಾಯ್ದೆಯಲ್ಲಿ ಅವರ ಮೇಲೆ ದೈಹಿಕ, ಲೈಂಗಿಕ ದೌರ್ಜನ್ಯ ಮಾಡಿದರೆ ಬರೆದ ಶಿಕ್ಷೆ 6 ತಿಂಗಳಿಂದ 2 ವರ್ಷ. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ ಕನಿಷ್ಠವೇ 10 ವರ್ಷ ಇರುವ ದೇಶದಲ್ಲಿ ಇದು. ನಮ್ಮ ಜನಕ್ಕೆ ಬೀದಿಯಲ್ಲಿ ಅಪಾಯ ಇದೆ ಅನ್ನುವುದು ನಿಜ. ಆದರೆ ಆ ಅಪಾಯವನ್ನು ಮೆರವಣಿಗೆ ತಂದದ್ದಲ್ಲ. ಅದು ಮೊದಲೇ ಇತ್ತು, ಕತ್ತಲಲ್ಲಿ, ಸಾಕ್ಷಿ ಇಲ್ಲದೆ. ಮೆರವಣಿಗೆ ಹಗಲಿನಲ್ಲಿ ಸಾಕ್ಷಿಗಳನ್ನು ಕರೆದುಕೊಂಡು ಬರುತ್ತದೆ.

ಸಾಕ್ಷಿ ಅಂದರೆ ಏನು ಅಂತ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆಗೇ ಸೇರಿತ್ತು. ಸಾಕ್ಷಿಗಳು ತಿರುಗಿಬಿದ್ದರು. ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿ ಹೇಳಬೇಕಾದವರು ಅದೇ ಊರಲ್ಲಿ ಬದುಕಬೇಕಿತ್ತು ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಬೇರೆ ಕಡೆಯೂ ನ್ಯಾಯ ಸುಲಭಕ್ಕೆ ಸಿಕ್ಕಿಲ್ಲ. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 2013ರ ಮೇ 17ರಂದು ಪಾದ್ರಿಗಳೇ ಮುಂದೆ ನಿಂತ ಸಾವಿರಾರು ಜನರ ಗುಂಪು ಕೆಲವೇ ಹೋರಾಟಗಾರರ ಮೇಲೆ ನುಗ್ಗಿತು. ಅವರನ್ನು ಮಿನಿಬಸ್ಸಿನಲ್ಲಿ ತುಂಬಿಸಿ ಪಾರು ಮಾಡುವಾಗ ಬಸ್ಸಿನ ಗಾಜುಗಳಿಗೂ ಏಟು. ಯುರೋಪಿನ ನ್ಯಾಯಾಲಯ ಇದರಲ್ಲಿ ಸರ್ಕಾರದ ತಪ್ಪಿದೆ ಅಂತ ಹೇಳುವಾಗ 2021ರ ಡಿಸೆಂಬರ್ ಆಗಿತ್ತು. ಅಷ್ಟರಲ್ಲಿ ಅದೇ ವರ್ಷ ಜುಲೈ 5ರಂದು ಇನ್ನೊಂದು ದಾಳಿ ಆಗಿಹೋಗಿತ್ತು. ಪ್ರೈಡ್ ಕಚೇರಿಯನ್ನು ಒಡೆದು ಹಾಕಿದರು. 50ಕ್ಕೂ ಹೆಚ್ಚು ಪತ್ರಕರ್ತರಿಗೆ ಹೊಡೆದರು. ಅವತ್ತು ತೀವ್ರ ಏಟು ತಿಂದ ಟಿ.ವಿ. ಕ್ಯಾಮೆರಾಮನ್ ಲೆಕ್ಸೊ ಲಶ್ಕರಾವಾ ಕೆಲವೇ ದಿನಗಳಲ್ಲಿ ತಮ್ಮ ಮನೆಯಲ್ಲಿ ಶವವಾಗಿ ಸಿಕ್ಕರು. ಸಂಘಟಕರು ಮೆರವಣಿಗೆಯನ್ನು ರದ್ದು ಮಾಡಿದ್ದರು.

ರದ್ದು ಮಾಡಿದ್ದನ್ನು ಸೋಲು ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಸರ್ಕಾರ ನಿಷೇಧಿಸುವುದು ಬೇರೆ. ನಡೆಯುವವರೇ, ತಮ್ಮವರ ಜೀವ ನೋಡಿಕೊಂಡು, ಇವತ್ತು ಬೇಡ ಅನ್ನುವುದು ಬೇರೆ. ಹುತಾತ್ಮರು ಬೇಕು ಅನ್ನುವ ಹೋರಾಟದಲ್ಲಿ ನನಗೆ ನಂಬಿಕೆ ಇಲ್ಲ. ಜೆರುಸಲೇಮಿನಲ್ಲಿ 2005ರ ಮೆರವಣಿಗೆಯಲ್ಲಿ ಮೂವರಿಗೆ ಚೂರಿ ಹಾಕಿ ಜೈಲಿಗೆ ಹೋಗಿದ್ದವನು ಹತ್ತು ವರ್ಷದ ನಂತರ ಹೊರಬಂದು, ವಾರಗಳೊಳಗೆ ಮತ್ತೆ ಅದೇ ಮೆರವಣಿಗೆಗೆ ನುಗ್ಗಿದ. ಶಿರಾ ಬಂಕಿ ಅನ್ನುವ 16 ವರ್ಷದ ಹುಡುಗಿ ತೀರಿಕೊಂಡಳು. ಗೆಳೆಯರಿಗೆ ಬೆಂಬಲ ಅಂತ ಬಂದಿದ್ದವಳು. 2016ರಲ್ಲಿ ಆ ಊರಿನ ಮೆರವಣಿಗೆಗೆ ಹಿಂದೆಂದೂ ಬರದಷ್ಟು ಜನ ಬಂದರು, ಸುಮಾರು 25 ಸಾವಿರ. ಎಲ್ಲರೂ ಇದನ್ನು ಗೆಲುವು ಅಂತ ಹೇಳುತ್ತಾರೆ. ನನಗೆ ಆ ಮಗುವಿನ ಅಪ್ಪ ಅಮ್ಮನ ಮುಖ ಕಣ್ಣ ಮುಂದೆ ಬರುತ್ತದೆ, ಗೆಲುವು ಅನ್ನಲು ನಾಲಿಗೆ ಏಳುವುದಿಲ್ಲ. ಬುಡಾಪೆಸ್ಟಿನಲ್ಲಿ 2025ರ ಜೂನ್ 28ರಂದು, ಸರ್ಕಾರ ಕಾನೂನು ಮಾಡಿ ತಡೆದಿದ್ದರೂ, ನಗರದ ಮೇಯರ್ ಜೊತೆ ನಿಂತು ಲಕ್ಷಕ್ಕೂ ಮೀರಿ ಜನ ನಡೆದರಲ್ಲ, ಎಲ್ಲರೂ ಮನೆಗೆ ಹೋಗಿ ಊಟ ಮಾಡಿದರು. ಅದನ್ನು ಬೇಕಾದರೆ ಗೆಲುವು ಅನ್ನುತ್ತೇನೆ.

ಕೋಲಾರದಲ್ಲೂ ಒಂದು ಸಣ್ಣ ನಡಿಗೆ ಮಾಡಬೇಕು ಅನ್ನುವ ಮಾತು ನಮ್ಮ ಕೆಲವರ ನಡುವೆ ನಡೆಯುತ್ತಿದೆ. ಕಮ್ಯುನಿಟಿಯಲ್ಲೇ ಒಮ್ಮತ ಇಲ್ಲ. ಹಿಜ್ರಾ ಅಕ್ಕಂದಿರು "ನಮ್ಮನ್ನ ಊರು ದಿನಾ ನೋಡುತ್ತೆ, ನಮಗೇನು ಭಯ, ನಾವು ಮುಂದೆ ನಡೀತೀವಿ" ಅನ್ನುತ್ತಾರೆ. ಮದುವೆಯಾಗಿ ಮಕ್ಕಳಿರುವ ಗೆಳೆಯನೊಬ್ಬ ಆ ದಿನ ಊರಲ್ಲೇ ಇರುವುದಿಲ್ಲ ಅಂದಿದ್ದಾನೆ. ಅವನನ್ನು ಯಾರೂ ಹೀಯಾಳಿಸಬಾರದು ಅನ್ನುವುದು ನನ್ನ ಷರತ್ತು. ಬರದಿರುವ ಹಕ್ಕೂ ಇರಬೇಕು. ದಲಿತ ಸಂಘಟನೆಯವರು, ಮಹಿಳಾ ಸಂಘದವರು ಜೊತೆಗೆ ಬರುತ್ತೇವೆ ಅಂದಿದ್ದಾರೆ. ಟೀ ಅಂಗಡಿಯ ಅಣ್ಣ ತಮಟೆಯವರನ್ನು ತಾವೇ ಕರೆತರುತ್ತೇನೆ ಅಂದಿದ್ದಾರೆ.

ನನ್ನ ಮಟ್ಟಿಗೆ ನಡಿಗೆ ಆಗಬೇಕು. ಹಗಲು ಹೊತ್ತಿನಲ್ಲಿ, ಪೊಲೀಸರಿಗೆ ಮೊದಲೇ ಪತ್ರ ಕೊಟ್ಟು, ಪತ್ರ ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು. ದಾರಿ ಸಣ್ಣದಿರಲಿ. ಫೋಟೊ ಬೇಡ ಅನ್ನುವವರ ತೋಳಿಗೆ ಗುರುತಿನ ಪಟ್ಟಿ ಇರಲಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಬರುವ ಒಬ್ಬೊಬ್ಬರ ಹೆಸರಿನ ಮುಂದೆ, ಅವರ ಜೊತೆ ವಾಪಸ್ ಹೋಗುವವರ ಹೆಸರನ್ನೂ ಬರೆಯಬೇಕು. ರಾತ್ರಿ ಉಳಿಯಬೇಕಾದರೆ ಯಾರ ಮನೆ ಅನ್ನುವುದನ್ನೂ. ಸದ್ಯಕ್ಕೆ ಆ ಪಟ್ಟಿಯಲ್ಲಿ ಬರುತ್ತೇವೆ ಅನ್ನುವವರು ಜಾಸ್ತಿ, ಕರೆದುಕೊಂಡು ಹೋಗುತ್ತೇವೆ ಅನ್ನುವವರು ಕಡಿಮೆ. ಆ ಎರಡನೇ ಸಾಲು ತುಂಬುವ ತನಕ ದಿನಾಂಕ ಗೊತ್ತು ಮಾಡುವುದು ಬೇಡ ಅಂತ ಹೇಳಿದ್ದೇನೆ. ಕಾರು, ಆಟೊ ಇರುವವರು, ಒಂದು ರಾತ್ರಿ ಮನೆಯಲ್ಲಿ ಜಾಗ ಕೊಡುವವರು, ನಮ್ಮವರೇ ಆಗಿರಬೇಕು ಅಂತೇನಿಲ್ಲ. ಭಾವನನ್ನೂ ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ.